ಡ್ಯುಯಲ್ ಬೂಟ್ ಕಂಪ್ಯೂಟರ್‌ನಲ್ಲಿ ಒಂದು ಡಿಸ್ಕ್ ಪಟ್ಟಿಯಲ್ಲೇ ಕಾಣ್ತಿಲ್ವಾ? ಹೀಗೆ ಹುಡುಕಿ

ನಿನ್ನೆವರೆಗೂ ಆನ್ ಮಾಡಿದ ತಕ್ಷಣ ವಿಂಡೋಸ್ ಬೇಕಾ, ಲಿನಕ್ಸ್ ಬೇಕಾ ಅಂತ ಕೇಳುತ್ತಿದ್ದ ಕಂಪ್ಯೂಟರ್ ಇವತ್ತು ಏನೂ ಕೇಳದೆ ಒಂದರೊಳಗೆ ಹೋಗಿಬಿಡುತ್ತದೆ. ಬೂಟ್ ಮೆನು ತೆಗೆದು ನೋಡಿದರೆ ಇನ್ನೊಂದರ ಹೆಸರೇ ಇಲ್ಲ. ಎದೆ ಧಸಕ್ ಅನ್ನುತ್ತದೆ, ಯಾಕೆಂದರೆ ಅದರೊಳಗೆ ವರ್ಷಗಳ ಫೋಟೊ, ಕೆಲಸದ ಫೈಲು ಎಲ್ಲ ಇರುತ್ತವೆ. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ: ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಡೇಟಾ ಹೋಯಿತು ಅಂತಲ್ಲ. ಎಷ್ಟೋ ಸಲ ಡಿಸ್ಕ್ ಚೆನ್ನಾಗೇ ಇರುತ್ತದೆ, ಅದರ ಕಡೆಗೆ ಹೋಗುವ ದಾರಿ ಮಾತ್ರ ಅಳಿಸಿಹೋಗಿರುತ್ತದೆ. ಡೇಟಾ ನಿಜವಾಗಿ ಹಾಳಾಗುವುದು ಆಮೇಲೆ, ಗಾಬರಿಯಲ್ಲಿ ನಾವು ಒತ್ತುವ ಬಟನ್‌ಗಳಿಂದ.

ಹಾಗಾಗಿ ಏನು ಮಾಡಬಾರದು ಅನ್ನುವುದರಿಂದಲೇ ಶುರು ಮಾಡೋಣ. ವಿಂಡೋಸ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4 ಪಾರ್ಟಿಶನ್ (ಡಿಸ್ಕಿನಲ್ಲಿ ಲಿನಕ್ಸ್ ತನ್ನದೇ ರೀತಿಯಲ್ಲಿ ಫೈಲ್ ಇಡುವ ಭಾಗ) ಓದಲು ಬರುವುದಿಲ್ಲ. ಅದಕ್ಕೊಂದು ಡ್ರೈವ್ ಅಕ್ಷರ ಸಿಕ್ಕಿ ನೀವು ಅದನ್ನು ತೆರೆಯಲು ಹೋದರೆ, ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ಒಂದು ಪೆಟ್ಟಿಗೆ ಬರುತ್ತದೆ. ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಡಿಸ್ಕನ್ನು ಇನಿಷಿಯಲೈಸ್ ಮಾಡಿ ಅಂತ ಕೇಳಿದರೂ ಕ್ಯಾನ್ಸಲ್. ಎರಡೂ ನೋಡಲು ಸಹಾಯದ ಮಾತಿನ ಹಾಗಿರುತ್ತವೆ. ಒತ್ತಿದರೆ ಮಾತ್ರ ಒಳಗಿರುವುದನ್ನು ವಾಪಸ್ ತರುವುದು ದೊಡ್ಡ ಕೆಲಸವಾಗುತ್ತದೆ.

ಇನ್ನೊಂದು ವಿಷಯ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ, ಆನ್ ಇದೆಯಾ ನೋಡಿಕೊಳ್ಳಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್‌ನಲ್ಲಿ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ಮದರ್‌ಬೋರ್ಡ್‌ನ ಪ್ರೋಗ್ರಾಮ್) ಸೆಕ್ಯೂರ್ ಬೂಟ್ ಅಥವಾ ಬೂಟ್ ಕ್ರಮ ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರಬಹುದು, ನೀವು ಪ್ರಿಂಟ್ ತೆಗೆದಿಟ್ಟಿರಬಹುದು. ಅದು ಕೈಯಲ್ಲಿ ಸಿಗುವವರೆಗೆ ಬಯೋಸ್‌ಗೆ ಕೈ ಹಾಕಬೇಡಿ. ವಿಂಡೋಸ್ ಸದ್ಯ ತೆರೆಯುತ್ತಿದ್ದರೆ ಬಿಟ್‌ಲಾಕರನ್ನು ಕೆಲ ಹೊತ್ತು ಸಸ್ಪೆಂಡ್ ಮಾಡಿಟ್ಟು ಮುಂದೆ ಹೋಗುವುದು ಇನ್ನೂ ಒಳ್ಳೆಯದು.

ಯಾವ ಪಟ್ಟಿಯಲ್ಲಿ ಇಲ್ಲ?

ಇಡೀ ಸಮಸ್ಯೆಯ ಕೀಲಿ ಇಲ್ಲಿದೆ. ನಾವೆಲ್ಲ "ಡಿಸ್ಕ್ ಕಾಣ್ತಿಲ್ಲ" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಆದರೆ ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಮೂರು ಪಟ್ಟಿಗಳಿವೆ. ಒಂದು, ಬಯೋಸ್ ಒಳಗೆ ಸ್ಟೋರೇಜ್ ಅಥವಾ ಸಾಟಾ, ಎನ್‌ವಿಎಂಇ (ಡಿಸ್ಕ್ ಜೋಡಿಸುವ ಎರಡು ವಿಧ) ಅಂತ ಇರುವ ಜಾಗ. ಅಲ್ಲಿ ಕಾಣುವುದು ಡಿಸ್ಕ್ ಎಂಬ ವಸ್ತು, ಅದರ ಮಾಡೆಲ್ ನಂಬರ್ ಸಮೇತ. ಎರಡು, ಬಯೋಸ್‌ನದೇ ಬೂಟ್ ಪಟ್ಟಿ. ಆನ್ ಮಾಡಿದ ಕೂಡಲೇ ಎಫ್12, ಎಫ್11, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬರುತ್ತದಲ್ಲ, ಅದು. ಹೊಸ ಕಂಪ್ಯೂಟರ್‌ಗಳಲ್ಲಿ ಅಲ್ಲಿ ಡಿಸ್ಕ್ ಹೆಸರಿಗಿಂತ ಜಾಸ್ತಿ "ವಿಂಡೋಸ್ ಬೂಟ್ ಮ್ಯಾನೇಜರ್", "ಉಬುಂಟು" ಅಂತ ಹೆಸರುಗಳಿರುತ್ತವೆ. ಮೂರು, ಗ್ರಬ್ ಮೆನು, ಅಂದರೆ ಲಿನಕ್ಸ್ ಹಾಕಿದಾಗ ಬರುವ, ಯಾವುದು ಬೇಕು ಅಂತ ಕೇಳುವ ಆ ಕಪ್ಪು ಅಥವಾ ನೇರಳೆ ಪರದೆ.

ಮೇಲಿನಿಂದ ಕೆಳಗೆ ಈ ಮೂರನ್ನೂ ನೋಡಿ. ಡಿಸ್ಕ್ ಮೊದಲನೇದರಲ್ಲೇ ಇಲ್ಲದಿದ್ದರೆ ಗ್ರಬ್ ರಿಪೇರಿ ಮಾಡಿ ಏನೂ ಪ್ರಯೋಜನ ಇಲ್ಲ. ಮೊದಲೆರಡರಲ್ಲಿ ಇದ್ದು ಗ್ರಬ್‌ನಲ್ಲಿ ಮಾತ್ರ ಇಲ್ಲದಿದ್ದರೆ ಕೇಬಲ್ ಬಿಚ್ಚುವ ಅಗತ್ಯ ಇಲ್ಲ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ನನ್ನ ಡೆಸ್ಕ್‌ಟಾಪ್‌ಗೆ ಹೊಸ ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡ್ ಮೇಲೇ ಕೂರುವ ಚಪ್ಪಟೆ ಡಿಸ್ಕ್) ಹಾಕಿದೆ. ಅದು ಚೆನ್ನಾಗಿ ಓಡಿತು, ಆದರೆ ಲಿನಕ್ಸ್ ಇದ್ದ ಹಳೆಯ ಸಾಟಾ ಡಿಸ್ಕ್ ಕಾಣೆಯಾಯಿತು. ಗ್ರಬ್ ಹಾಳಾಗಿದೆ ಅಂದುಕೊಂಡು ಎರಡು ದಿನ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಹಾಕಿ ಅದರ ಹಿಂದೆ ಬಿದ್ದಿದ್ದೆ. ಕೊನೆಗೆ ಬಯೋಸ್‌ನ ಸ್ಟೋರೇಜ್ ಪುಟ ತೆರೆದು ನೋಡಿದರೆ ಆ ಡಿಸ್ಕ್ ಇದ್ದ ಪೋರ್ಟ್ ಎದುರು ಖಾಲಿ. ಮದರ್‌ಬೋರ್ಡ್ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಈ ಎಂ.2 ಸ್ಲಾಟ್ ತುಂಬಿದರೆ ಇಂಥ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಕೇಬಲ್ ಕಿತ್ತು ಪಕ್ಕದ ಪೋರ್ಟ್‌ಗೆ ಚುಚ್ಚಿದೆ, ಎಲ್ಲ ವಾಪಸ್ ಬಂತು. ಆ ಪುಟವನ್ನು ಮೊದಲೇ ನೋಡಿದ್ದರೆ ಐದು ನಿಮಿಷದ ಕೆಲಸ.

ಬಯೋಸ್‌ಗೇ ಡಿಸ್ಕ್ ಕಾಣದಿದ್ದರೆ

ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ. ಒಂದು ಡೇಟಾದ್ದು, ಒಂದು ಪವರ್‌ದು. ಬೇರೆ ಸಾಟಾ ಕೇಬಲ್ ಇದ್ದರೆ ಅದನ್ನೂ ಹಾಕಿ ನೋಡಿ, ಕೇಬಲ್ ಕೆಡುವುದು ಅಪರೂಪವೇನಲ್ಲ. ಎಂ.2 ಆಗಿದ್ದರೆ ಸ್ಕ್ರೂ ತೆಗೆದು, ಹೊರಗೆ ಎಳೆದು, ಓರೆಯಾಗಿ ಒಳಗೆ ತಳ್ಳಿ, ಮತ್ತೆ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಎಂ.2 ರೂಪದ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಅಂತ ಎರಡು ಜಾತಿ ಇವೆ, ಎಲ್ಲ ಸ್ಲಾಟ್‌ಗೂ ಎರಡೂ ಆಗುವುದಿಲ್ಲ ಅನ್ನುವುದು ನೆನಪಿರಲಿ. ಹೊರಗಿನ ಯುಎಸ್‌ಬಿ ಡಿಸ್ಕ್ ಆಗಿದ್ದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೇ ಚುಚ್ಚಿ.

ಹಳೆಯ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಮತ್ತೆ ಮತ್ತೆ ಆನ್ ಮಾಡಿದಷ್ಟೂ ಡೇಟಾ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮುಖ್ಯವಾದದ್ದು ಇದ್ದರೆ ಡೇಟಾ ತೆಗೆದುಕೊಡುವವರ ಕೈಗೆ ಕೊಡಿ.

ಇನ್ನೊಂದು ಸುಳಿವು ದಿನಾಂಕದ್ದು. ಬಯೋಸ್‌ನಲ್ಲಿ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಖಾಲಿಯಾಗಿದೆ ಅಂತಲೇ ಲೆಕ್ಕ. ಜಾಸ್ತಿ ಕಡೆ ಅದು ಸಿಆರ್2032, 3 ವೋಲ್ಟ್‌ದು. ಅದು ಸತ್ತರೆ ಬಯೋಸ್ ಸೆಟ್ಟಿಂಗ್‌ಗಳು ಕಂಪನಿಯಿಂದ ಬಂದ ಸ್ಥಿತಿಗೆ ಮರಳಬಹುದು. ನೀವು ಹಿಂದೆ ಎಎಚ್‌ಸಿಐ ಅಂತ ಇಟ್ಟದ್ದು ರೇಡ್ ಆಗಿರಬಹುದು (ಇವು ಡಿಸ್ಕ್ ಜೊತೆ ಮಾತಾಡುವ ಎರಡು ವಿಧಾನ), ಯುಇಎಫ್‌ಐ ಅಂತ ಇಟ್ಟದ್ದು ಲೆಗಸಿ ಆಗಿರಬಹುದು (ಇವು ಬೂಟ್ ಆಗುವ ಹೊಸ ಮತ್ತು ಹಳೆಯ ವಿಧಾನ). ಡಿಸ್ಕ್‌ದು ಏನೂ ತಪ್ಪಿರುವುದಿಲ್ಲ, ಆದರೂ ಅದು ಪಟ್ಟಿಯಿಂದ ಮಾಯ. ಬ್ಯಾಟರಿ ಬದಲಿಸಿ, ಸೆಟ್ಟಿಂಗ್ ಮೊದಲಿನಂತೆ ಮಾಡಿ. (ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಕೆಲವು ಗಂಟೆ ಮಾತ್ರ ಆಚೀಚೆ ಆಗಿದ್ದರೆ ಅದು ಬ್ಯಾಟರಿಯದಲ್ಲ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರವನ್ನು ಯುಟಿಸಿಯಲ್ಲಿ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ. ತಲೆ ಕೆಡಿಸಿಕೊಳ್ಳಬೇಡಿ.)

ಬಯೋಸ್‌ನಲ್ಲಿ ಡಿಸ್ಕ್ ಇದೆ, ಆದರೆ ಇನ್‌ಸ್ಟಾಲ್ ಮಾಡಲು ಹೋದಾಗ ಕಾಣುವುದಿಲ್ಲ ಅನ್ನುವವರು ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ (ಡಿಸ್ಕುಗಳನ್ನು ಇಂಟೆಲ್ ತನ್ನದೇ ರೀತಿಯಲ್ಲಿ ನಿಭಾಯಿಸುವ ವ್ಯವಸ್ಥೆ) ಅನ್ನುವ ಸೆಟ್ಟಿಂಗ್ ನೋಡಿ. ಅದು ಆನ್ ಇದ್ದರೆ ಕೆಲವು ಲಿನಕ್ಸ್‌ಗಳಿಗೆ ಡಿಸ್ಕ್ ಸಿಗುವುದಿಲ್ಲ. 11ನೇ ತಲೆಮಾರಿನಿಂದ ಈಚೆಗಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲರ್‌ಗೂ ಎಷ್ಟೋ ಸಲ ಸಿಗುವುದಿಲ್ಲ, ಡ್ರೈವರನ್ನು ಪೆನ್‌ಡ್ರೈವ್‌ನಿಂದ ಕೊಡಬೇಕಾಗುತ್ತದೆ. ಲಿನಕ್ಸ್‌ಗಾಗಿ ಇದನ್ನು ಎಎಚ್‌ಸಿಐಗೆ ಬದಲಿಸಬಹುದು, ಆದರೆ ಸುಮ್ನೆ ಬದಲಿಸಿಬಿಟ್ಟರೆ ಈಗಾಗಲೇ ಇರುವ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ದಾರಿ ಇದೆ: ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುವಾಗಲೇ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ವಿಂಡೋಸ್ ಒಮ್ಮೆ ತೆರೆಯಲಿ, ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ಗೆ ಹೋಗುವ ಮೊದಲು ನಿಮ್ಮ ಪಾಸ್‌ವರ್ಡ್ ಗೊತ್ತಿರಲಿ, ಅಲ್ಲಿ ಪಿನ್ ಕೆಲಸ ಮಾಡದೇ ಇರಬಹುದು.

ಡಿಸ್ಕ್ ಇದೆ, ಬೂಟ್ ಪಟ್ಟಿಯಲ್ಲಿ ಹೆಸರಿಲ್ಲ

ಹೆಚ್ಚಿನವರ ಕಥೆ ಇಲ್ಲಿಗೆ ಬಂದು ನಿಲ್ಲುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಯುಇಎಫ್‌ಐ ಕಂಪ್ಯೂಟರ್‌ನಲ್ಲಿ ಬೂಟ್ ಆಗಲು ಇಎಸ್‌ಪಿ ಅನ್ನುವ ಪುಟ್ಟ ಪಾರ್ಟಿಶನ್ ಬೇಕು. ಅದು ಫ್ಯಾಟ್32ನಲ್ಲಿ ಇರುತ್ತದೆ, ವಿಂಡೋಸ್ ತಾನೇ ಮಾಡಿಕೊಂಡಿದ್ದರೆ ಸಾಮಾನ್ಯವಾಗಿ 100 ಎಂಬಿ. ಅದರೊಳಗೆ ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಮೈಕ್ರೋಸಾಫ್ಟ್ ಅಂತ ಒಂದು, ಉಬುಂಟು ಅಂತ ಒಂದು, ಬೂಟ್ ಅಂತ ಒಂದು. ಪ್ರತಿಯೊಂದರಲ್ಲೂ ಆಯಾ ಓಎಸ್ ಅನ್ನು ಎಬ್ಬಿಸುವ ಫೈಲ್. ಇನ್ನು "ಈ ಡಿಸ್ಕಿನ ಈ ಪಾರ್ಟಿಶನ್‌ನ ಈ ಫೈಲ್ ಓಡಿಸು" ಅನ್ನುವ ಒಂದು ಸಾಲು ಮದರ್‌ಬೋರ್ಡ್‌ನ ಎನ್‌ವಿರಾಮ್ ಅನ್ನುವ ನೆನಪಿನಲ್ಲಿ ಇರುತ್ತದೆ. ಬೂಟ್ ಪಟ್ಟಿಯಲ್ಲಿ ನಾವು ನೋಡುವ ಹೆಸರು ಆ ಸಾಲಿನದು. ಬಯೋಸ್ ಅಪ್‌ಡೇಟ್ ಆದಾಗ, ಡಿಸ್ಕ್ ಬಿಚ್ಚಿ ಹಾಕಿದಾಗ, ವಿಂಡೋಸ್ ಮತ್ತೆ ಹಾಕಿಸಿದಾಗ ಈ ಸಾಲು ಅಳಿಸಿಹೋಗಬಹುದು ಅಥವಾ ಹಿಂದೆ ಬೀಳಬಹುದು. ಫೈಲು ಇದ್ದಲ್ಲೇ ಇರುತ್ತದೆ. ಸಾಲೊಂದನ್ನು ಮತ್ತೆ ಬರೆದರೆ ಸಾಕು.

ಬರೆಯುವುದು ಹೇಗೆ? ಕೆಲವು ಬಯೋಸ್‌ಗಳಲ್ಲಿ "ಆ್ಯಡ್ ಬೂಟ್ ಆಪ್ಶನ್" ಅಂತ ಇರುತ್ತದೆ. ಅದನ್ನು ಒತ್ತಿ ಇಎಫ್‌ಐ ಫೋಲ್ಡರ್, ಅದರೊಳಗೆ ಉಬುಂಟು ಫೋಲ್ಡರ್, ಅಲ್ಲಿಂದ ಶಿಮ್ ಅಂತ ಶುರುವಾಗುವ ಇಎಫ್‌ಐ ಫೈಲ್ ಆರಿಸಿ. ವಿಂಡೋಸ್ ಕಳೆದಿದ್ದರೆ ಮೈಕ್ರೋಸಾಫ್ಟ್ ಫೋಲ್ಡರ್, ಅದರೊಳಗಿನ ಬೂಟ್ ಫೋಲ್ಡರ್, ಅಲ್ಲಿ ಬೂಟ್‌ಎಂಜಿಎಫ್‌ಡಬ್ಲ್ಯೂ ಅನ್ನುವ ಫೈಲ್. ಈ ಸೌಲಭ್ಯ ನಿಮ್ಮ ಬಯೋಸ್‌ನಲ್ಲಿ ಇಲ್ಲದಿದ್ದರೆ ಲಿನಕ್ಸ್‌ನ ಲೈವ್ ಯುಎಸ್‌ಬಿ ಹಾಕಿ ಬೂಟ್ ಮಾಡಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಅಂತ ಬರೆದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಮುಂದಿನದು ಕೆಲಸ ಮಾಡುವುದಿಲ್ಲ. ಒಳಗೆ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಇಎಫ್‌ಐಬೂಟ್‌ಎಂಜಿಆರ್ ಕಮಾಂಡ್ ಕೊಟ್ಟರೆ ಎನ್‌ವಿರಾಮ್‌ನಲ್ಲಿರುವ ಎಲ್ಲ ಸಾಲೂ ನಾಲ್ಕು ಅಂಕಿಯ ನಂಬರ್ ಸಮೇತ ಕಾಣುತ್ತವೆ. ಬೇಕಾದ ಹೆಸರು ಇದ್ದು ಕ್ರಮ ಮಾತ್ರ ತಪ್ಪಿದ್ದರೆ, ಅದೇ ಕಮಾಂಡ್‌ನ ಹಿಂದೆ ಸುಡೋ (ಅಡ್ಮಿನ್ ಅನುಮತಿಯಿಂದ ಓಡಿಸು ಅನ್ನುವ ಪದ) ಸೇರಿಸಿ, ಮುಂದೆ ಮೈನಸ್ ಓ ಹಾಕಿ, ನಂಬರ್‌ಗಳನ್ನು ಕಾಮಾ ಕೊಟ್ಟು ನಿಮಗೆ ಬೇಕಾದ ಕ್ರಮದಲ್ಲಿ ಬರೆಯಿರಿ. ಹಳೆಯ ನಂಬರ್ ಒಂದನ್ನೂ ಬಿಡಬೇಡಿ. ಹೆಸರೇ ಇಲ್ಲದಿದ್ದರೆ ಬೂಟ್-ರಿಪೇರ್ ಅನ್ನುವ ಪುಟ್ಟ ಸಾಧನ ಹಾಕಿಕೊಳ್ಳಿ. ಕೈಯಿಂದಲೂ ಮಾಡಬಹುದು, ಆದರೆ ಟರ್ಮಿನಲ್ ಅಷ್ಟು ಅಭ್ಯಾಸ ಇಲ್ಲದವರಿಗೆ ನಾನು ಇದನ್ನೇ ಹೇಳುವುದು.

ವಿಂಡೋಸ್ ಭಾಗದ ಇಎಸ್‌ಪಿ ಫೈಲುಗಳೇ ಹಾಳಾಗಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಿಪೇರ್‌ಗೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕ್‌ಪಾರ್ಟ್‌ನಲ್ಲಿ ಇಎಸ್‌ಪಿಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ಹೊರಗೆ ಬಂದು ಬಿಸಿಡಿಬೂಟ್ ಓಡಿಸಿದರೆ ಅದು ಬೇಕಾದ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ. ಒಂದು ಎಚ್ಚರಿಕೆ: ಈ ಪರಿಸರದಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಆಗಿಯೇ ಇರಬೇಕೆಂದಿಲ್ಲ. ಡಿ ಆಗಿರಬಹುದು, ಇ ಆಗಿರಬಹುದು. ಡಿಐಆರ್ ಕೊಟ್ಟು ವಿಂಡೋಸ್ ಫೋಲ್ಡರ್ ಎಲ್ಲಿದೆ ಅಂತ ಕಣ್ಣಾರೆ ನೋಡಿ, ಆ ಅಕ್ಷರವನ್ನೇ ಕೊಡಿ.

ಎರಡು ಡಿಸ್ಕ್ ಇರುವವರು ಇದನ್ನು ಗಮನ ಇಟ್ಟು ಓದಿ. ವಿಂಡೋಸ್ ಒಂದರಲ್ಲಿ, ಲಿನಕ್ಸ್ ಇನ್ನೊಂದರಲ್ಲಿ, ಎರಡೂ ಬೇರೆ ಬೇರೆ ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ಲಿನಕ್ಸ್ ಇನ್‌ಸ್ಟಾಲರ್ ಎಷ್ಟೋ ಸಲ ತನ್ನ ಬೂಟ್ ಫೈಲನ್ನು ವಿಂಡೋಸ್ ಡಿಸ್ಕಿನ ಇಎಸ್‌ಪಿಯಲ್ಲಿ ಇಟ್ಟಿರುತ್ತದೆ. ವಿಂಡೋಸ್ ಡಿಸ್ಕ್ ತೆಗೆದರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಲಿನಕ್ಸ್ ಕೂಡ ಏಳುವುದಿಲ್ಲ, ಅದರ ಡಿಸ್ಕ್ ಪೂರ್ತಿ ಸರಿ ಇದ್ದರೂ. ಲೈವ್ ಯುಎಸ್‌ಬಿಯಲ್ಲಿ ಜಿಪಾರ್ಟೆಡ್ ತೆರೆದು ಲಿನಕ್ಸ್ ಡಿಸ್ಕ್ ಮೇಲೆ ಫ್ಯಾಟ್32ನ, ಬೂಟ್ ಮತ್ತು ಇಎಸ್‌ಪಿ ಫ್ಲ್ಯಾಗ್ ಇರುವ ಪಾರ್ಟಿಶನ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ವಲ್ಪ ಜಾಗ ಬಿಡಿಸಿ ಒಂದು ಮಾಡಿ, ಆಮೇಲೆ ಗ್ರಬ್ ಅನ್ನು ಅಲ್ಲಿಗೆ ಹಾಕಿ. ಪಾರ್ಟಿಶನ್ ಕುಗ್ಗಿಸುವ ಮೊದಲು ಬ್ಯಾಕಪ್ ಇರಲೇಬೇಕು.

ಮೋಡ್ ಹೊಂದದೇ ಇರುವುದೂ ಒಂದು ಕಾರಣ. ವಿಂಡೋಸ್ ಯುಇಎಫ್‌ಐನಲ್ಲಿ, ಲಿನಕ್ಸ್ ಹಳೆಯ ಲೆಗಸಿಯಲ್ಲಿ ಇದ್ದರೆ, ಬಯೋಸ್ ಯಾವ ಮೋಡ್‌ನಲ್ಲಿದೆಯೋ ಅದರದ್ದು ಮಾತ್ರ ಕಾಣುತ್ತದೆ. ವಿಂಡೋಸ್‌ನಲ್ಲಿ ಎಂಎಸ್‌ಇನ್ಫೋ32 ತೆರೆದರೆ ಬಯೋಸ್ ಮೋಡ್ ಅಂತ ಒಂದು ಸಾಲು ಇರುತ್ತದೆ. ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರ್‌ನ ಫರ್ಮ್‌ವೇರ್ ಒಳಗೆ ಇಎಫ್‌ಐ ಅನ್ನುವ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಎರಡೂ ಒಂದೇ ಆಗಿರಬೇಕು. ವಿಂಡೋಸ್ 11ಕ್ಕೆ ಹೇಗೂ ಯುಇಎಫ್‌ಐ ಬೇಕು, ಹಾಗಾಗಿ ಲಿನಕ್ಸನ್ನೇ ಆ ಕಡೆಗೆ ತರುವುದು ಸರಿ.

ಗ್ರಬ್‌ನಲ್ಲಿ ಮಾತ್ರ ವಿಂಡೋಸ್ ಇಲ್ಲ

ಮೊದಲು ಮೆನು ನಿಜವಾಗಿ ಬರುತ್ತಿದೆಯಾ ನೋಡಿ. ಬರದೇ ನೇರ ಲಿನಕ್ಸ್‌ಗೆ ಹೋದರೆ ಆನ್ ಮಾಡಿ ತಯಾರಕರ ಚಿತ್ರ ಬಂದ ಮೇಲೆ ಎಸ್ಕೇಪ್ ಒಮ್ಮೆ ಒತ್ತಿ, ಹಳೆಯ ಲೆಗಸಿ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಮೆನು ಬಂತು, ವಿಂಡೋಸ್ ಇಲ್ಲ ಅಂದರೆ ಮೊದಲು ಓಎಸ್-ಪ್ರೋಬರ್ ನೋಡಿ. ಬೇರೆ ಓಎಸ್ ಹುಡುಕುವ ಈ ಸಣ್ಣ ಪ್ರೋಗ್ರಾಮನ್ನು 2021ರಲ್ಲಿ ಬಂದ ಗ್ರಬ್ 2.06 ತಾನಾಗಿ ಓಡಿಸುವುದನ್ನು ನಿಲ್ಲಿಸಿತು. ಸುರಕ್ಷತೆಗೆ ಅಂತ ಮಾಡಿದ ಬದಲಾವಣೆ ಅದು, ಆದರೆ ಲಿನಕ್ಸ್ ಅಪ್‌ಗ್ರೇಡ್ ಮಾಡಿಕೊಂಡ ಎಷ್ಟೋ ಜನರ ಮೆನುವಿನಿಂದ ವಿಂಡೋಸ್ ಮಾಯವಾಯಿತು.

ಸರಿ ಮಾಡುವುದು ಸುಲಭ. ಇಟಿಸಿ ಫೋಲ್ಡರ್‌ನ ಡೀಫಾಲ್ಟ್ ಒಳಗೆ ಗ್ರಬ್ ಅನ್ನುವ ಫೈಲನ್ನು ಸುಡೋ ಕೊಟ್ಟು ತೆರೆಯಿರಿ. ಗ್ರಬ್, ಡಿಸೇಬಲ್, ಓಎಸ್, ಪ್ರೋಬರ್ ಈ ನಾಲ್ಕು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿದ, ಎಲ್ಲ ದೊಡ್ಡಕ್ಷರದ ಒಂದು ಸಾಲು ಹುಡುಕಿ. ಅದರ ಮುಂದೆ ಹ್ಯಾಶ್ ಗುರುತು ಇದ್ದರೆ ತೆಗೆಯಿರಿ, ಈಕ್ವಲ್ ಆದ ಮೇಲೆ ಸಣ್ಣಕ್ಷರದಲ್ಲಿ ಫಾಲ್ಸ್ ಅಂತ ಇರಲಿ. ಸಾಲೇ ಇಲ್ಲದಿದ್ದರೆ ಕೊನೆಯಲ್ಲಿ ನೀವೇ ಸೇರಿಸಿ. ಸೇವ್ ಮಾಡಿ, ಉಬುಂಟು, ಡೆಬಿಯನ್ ಆದರೆ ಸುಡೋ ಅಪ್‌ಡೇಟ್-ಗ್ರಬ್ ಕೊಡಿ. ಫೆಡೋರಾದಲ್ಲಿ ಅದರ ಬದಲು ಗ್ರಬ್2-ಎಂಕೆಕಾನ್ಫಿಗ್. ಓಡುತ್ತಿರುವಾಗ ಪರದೆ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಅನ್ನುವ ಸಾಲು ಬಂದರೆ ಕೆಲಸ ಆಯಿತು.

ವಿಂಡೋಸ್ ಪಾರ್ಟಿಶನ್ ಒಳಗಿನ ಫೈಲುಗಳನ್ನು ಲಿನಕ್ಸ್‌ನಿಂದ ತೆರೆಯಲು ಆಗುತ್ತಿಲ್ಲ ಅಂದರೆ ಅದಕ್ಕೆ ಕಾರಣ ಫಾಸ್ಟ್ ಸ್ಟಾರ್ಟಪ್ ಇರಬಹುದು. ಅದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಅಂದಾಗ ಅರ್ಧ ಮಾತ್ರ ಮಲಗುತ್ತದೆ, ಪಾರ್ಟಿಶನ್ ಬಳಕೆಯಲ್ಲಿದೆ ಅಂತಲೇ ಗುರುತು ಉಳಿಯುತ್ತದೆ. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೆ ಆ ಸಲಕ್ಕೆ ಪೂರ್ತಿ ಮುಚ್ಚುತ್ತದೆ. ಡ್ಯುಯಲ್ ಬೂಟ್ ಇಟ್ಟುಕೊಳ್ಳುವವರು ಪವರ್ ಆಪ್ಶನ್ಸ್‌ಗೆ ಹೋಗಿ ಇದನ್ನು ಕಾಯಂ ಆಗಿ ಆಫ್ ಮಾಡಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಎರಡು ಸೆಕೆಂಡ್ ಉಳಿಸಲು ಹೋಗಿ ಫೈಲ್ ಕಳೆದುಕೊಳ್ಳುವುದು ಬೇಡ.

ಅಂದ ಹಾಗೆ, ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಬೂಟ್ ಟ್ಯಾಬ್‌ನಲ್ಲಿ ಲಿನಕ್ಸ್ ಇಲ್ಲ ಅಂತ ಚಿಂತೆ ಮಾಡಬೇಡಿ. ಅದು ಸಾಮಾನ್ಯವಾಗಿ ವಿಂಡೋಸ್‌ಗಳನ್ನು ಮಾತ್ರ ತೋರಿಸುವ ಜಾಗ.

ಮ್ಯಾಕ್ ಇರುವವರಿಗೆ

ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್‌ನಿಂದ ವಿಂಡೋಸ್ ಹಾಕಿದ್ದೀರಿ, ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಡಿಸ್ಕ್ ಪುಟದಲ್ಲಿ ಅದು ಕಾಣುತ್ತಿಲ್ಲ. ಅಲ್ಲಿಗೇ ನಿಲ್ಲಬೇಡಿ. ಆಫ್ ಮಾಡಿ, ಆನ್ ಮಾಡಿದ ತಕ್ಷಣ ಆಪ್ಶನ್ ಕೀ ಒತ್ತಿ ಹಿಡಿಯಿರಿ. ಬ್ಲೂಟೂತ್ ಕೀಬೋರ್ಡ್ ಆದರೆ ಕೆಲವೊಮ್ಮೆ ಒತ್ತಿದ್ದು ತಲುಪುವುದಿಲ್ಲ, ವೈರ್ ಇರುವುದನ್ನು ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಕಾಣದ ಡಿಸ್ಕ್ ಈ ಪರದೆಯಲ್ಲಿ ಕಾಣುವುದುಂಟು. ಅಲ್ಲಿಂದ ವಿಂಡೋಸ್‌ಗೆ ಹೋಗಿ, ಅದನ್ನು ಪೂರ್ತಿ ಶಟ್‌ಡೌನ್ ಮಾಡಿ, ಮತ್ತೆ ಮ್ಯಾಕ್‌ಓಎಸ್‌ಗೆ ಬಂದು ನೋಡಿ.

ಅಲ್ಲೂ ಇಲ್ಲದಿದ್ದರೆ ಆನ್ ಮಾಡುವಾಗ ಆಪ್ಶನ್, ಕಮಾಂಡ್, ಪಿ, ಆರ್ ನಾಲ್ಕನ್ನೂ ಒಟ್ಟಿಗೆ ಸುಮಾರು 20 ಸೆಕೆಂಡ್ ಹಿಡಿದು ಎನ್‌ವಿರಾಮ್ ರೀಸೆಟ್ ಮಾಡಿ. ಆಮೇಲೆ ಡಿಸ್ಕ್ ಯುಟಿಲಿಟಿಯಲ್ಲಿ ಆ ಪಾರ್ಟಿಶನ್ ಇದೆಯಾ ನೋಡಿ, ಬರೀ ನೋಡಿ. ಬೂಟ್ ಕ್ಯಾಂಪ್ ಆದ ಮೇಲೆ ಡಿಸ್ಕ್ ಯುಟಿಲಿಟಿಯಿಂದ ಇನ್ನೊಂದು ಪಾರ್ಟಿಶನ್ ಸೇರಿಸಿದ್ದರಿಂದಲೇ ವಿಂಡೋಸ್ ಬೂಟ್ ಆಗದಂತಾಗುವುದು ಹಳೆಯ ಮ್ಯಾಕ್‌ಗಳ ದೊಡ್ಡ ಕಾಯಿಲೆ. ಹೊರಗಿನ ಡಿಸ್ಕ್ ಆಗಿದ್ದು, ಮ್ಯಾಕ್‌ನಲ್ಲಿ ಟಿ2 (ಆ್ಯಪಲ್‌ನ ಸುರಕ್ಷತಾ) ಚಿಪ್ ಇದ್ದರೆ, ಹೊರಗಿನ ಡಿಸ್ಕಿನಿಂದ ಬೂಟ್ ಆಗುವುದಕ್ಕೆ ಮೊದಲಿನಿಂದಲೇ ತಡೆ ಇರುತ್ತದೆ. ಕಮಾಂಡ್ ಮತ್ತು ಆರ್ ಹಿಡಿದು ರಿಕವರಿಗೆ ಹೋಗಿ ಸ್ಟಾರ್ಟಪ್ ಸೆಕ್ಯೂರಿಟಿ ಯುಟಿಲಿಟಿಯಲ್ಲಿ ಅನುಮತಿ ಕೊಡಬೇಕು. 2020ರ ಕೊನೆಯಲ್ಲಿ ಬಂದ ಎಂ1 ಮತ್ತು ಅದರ ನಂತರದ ಆ್ಯಪಲ್ ಚಿಪ್ ಮ್ಯಾಕ್‌ಗಳಲ್ಲಿ ಆಪ್ಶನ್ ಕೀ ಬದಲು ಪವರ್ ಬಟನ್ ಒತ್ತಿ ಹಿಡಿಯಬೇಕು, ಅವುಗಳಲ್ಲಿ ಬೂಟ್ ಕ್ಯಾಂಪ್ ಇಲ್ಲವೇ ಇಲ್ಲ. ಇಂಟೆಲ್ ಮ್ಯಾಕ್‌ನಲ್ಲಿ ಹಾಕಿದ್ದ ವಿಂಡೋಸ್ ಡಿಸ್ಕನ್ನು ತಂದು ಇದಕ್ಕೆ ಚುಚ್ಚಿದರೆ ಬೂಟ್ ಪಟ್ಟಿಯಲ್ಲಿ ಬರುವುದಿಲ್ಲ, ಆದರೆ ಮ್ಯಾಕ್‌ಓಎಸ್ ಒಳಗಿನಿಂದ ಅದರ ಫೈಲುಗಳನ್ನು ಓದಿಕೊಳ್ಳಬಹುದು.

ಎಲ್ಲ ಸರಿಹೋಗಿ ಎರಡೂ ಓಎಸ್ ತೆರೆದ ಮೇಲೆ, ಪಿಸಿಯವರು ಅದೇ ದಿನ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಬಯೋಸ್‌ನ ಸ್ಟೋರೇಜ್, ಬೂಟ್ ಎರಡೂ ಪುಟಗಳ ಫೋಟೊ ಫೋನ್‌ನಲ್ಲಿ ತೆಗೆದಿಡಿ. ಲಿನಕ್ಸ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಕೊಟ್ಟಾಗ ಬಂದ ಸಾಲುಗಳನ್ನು ಮತ್ತು ಇಎಸ್‌ಪಿಯ ಇಎಫ್‌ಐ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ಆ ಫೋಲ್ಡರ್ ಕೆಲವೇ ಹತ್ತು ಎಂಬಿ ಇರುತ್ತದೆ.